ಟ್ರ್ಯಾಕ್ ಡೇಗೆ ದಿನದ ಕಾರು ರೆಡಿ ಮಾಡೋದು: ಮೊದಲು ಬ್ರೇಕು, ಆಮೇಲೆ ಕೂಲಿಂಗು, ಪವರ್ ಮಾತು ಕೊನೆಗೆ

ಹಿಂಜವಡಿ_ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ನಾನು ಪುಣೆ ಹಿಂಜವಡಿಯಲ್ಲಿ ಕೆಲಸ, ಊರು ಶಿವಮೊಗ್ಗ. ಕಾರು ಪೋಲೋ ಜಿಟಿ ಟಿಎಸ್‌ಐ, 1.2 ಟರ್ಬೋ, ಡಿಎಸ್‌ಜಿ ಆಟೋಮ್ಯಾಟಿಕ್ ಗೇರು, ಪೂರ್ತಿ ಸ್ಟಾಕ್ (ಕಂಪನಿಯಿಂದ ಬಂದ ಹಾಗೇ). ದಿನಾ ಆಫೀಸಿಗೆ ಇದೇ, ಹಬ್ಬಕ್ಕೆ ಊರಿಗೆ ಹೋಗೋಕೂ ಇದೇ. ಈಗ ನಾವು ಒಂದಷ್ಟು ಜನ ಸೇರಿ ಚೆನ್ನೈ ಹತ್ರ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಟ್ರ್ಯಾಕ್ ಡೇಗೆ (ನಮ್ಮ ಸ್ವಂತ ಕಾರನ್ನೇ ಟ್ರ್ಯಾಕಲ್ಲಿ ಓಡಿಸೋ ದಿನ) ಹೋಗೋಣ ಅಂತ ಮಾತಾಡ್ಕೊಂಡಿದೀವಿ, ನಂಗೆ ಟ್ರ್ಯಾಕ್ ಹೊಸದು. ಕೈಯಲ್ಲಿ ಸ್ವಲ್ಪ ದುಡ್ಡಿದೆ, ಪವರ್ ಹೆಚ್ಚಿಸೋಕೆ ಒಂದು ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸೋದು) ಮತ್ತೆ ಏರ್ ಇನ್ಟೇಕ್ ಹಾಕಿಸಿದ್ರೆ ಚೆನ್ನಾಗಿರುತ್ತಾ, ಇಲ್ಲ ದೊಡ್ಡ ಬ್ರೇಕ್ ಕಿಟ್ ಹಾಕಿಸ್ಬೇಕಾ? ಎರಡಕ್ಕೂ ಆಗಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಚಾಕಣ_ಧಾರವಾಡ:
ತಮ್ಮಾ ಎರಡೂ ಬ್ಯಾಡ. ಮೊದಲ ನೀ ಎಲ್ಲಿಂದ ಎಲ್ಲಿಗೆ ಹೊಂಟಿ ನೋಡು. ಪುಣೆದಿಂದ ಎನ್‌ಎಚ್ 48 ಹಿಡದ್ರ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರು ದಾಟಿ ಅದ ಹೈವೇ ಶ್ರೀಪೆರಂಬುದೂರಿನ ತನಕ ಹೋಗ್ತೈತಿ, ಟ್ರ್ಯಾಕ್ ಅದರ ಬಾಜೂಕ ಐತಿ. ಸಾವಿರ ಕಿಲೋಮೀಟರ್ ದಾಟಿದ ಮ್ಯಾಲೆ ಟ್ರ್ಯಾಕ್ ಮ್ಯಾಲೆ ಗಾಡಿ ಓಡಸ್ತಿ, ಮತ್ತ ಅಷ್ಟ ದೂರ ಅದ ಗಾಡ್ಯಾಗ ವಾಪಸ್ ಬರಬೇಕು. ಟ್ರೇಲರ್ ಇಲ್ಲ, ಮೆಕ್ಯಾನಿಕ್ ಇಲ್ಲ. ಹಿಂಗಾಗಿ ಟ್ರ್ಯಾಕ್ ಡೇ ತಯಾರಿ ಅಂದ್ರ ಗಾಡಿ ಫಾಸ್ಟ್ ಮಾಡೋದಲ್ಲ, ಶಾಖ ತಡಕೊಳ್ಳೋ ಹಂಗ ಮಾಡೋದು. ಆ ಶಾಖ ಎರಡು ಕಡೆ ಬರತೈತಿ, ಒಂದು ಬ್ರೇಕ್, ಇನ್ನೊಂದು ಎಂಜಿನ್. ರಿಮ್ಯಾಪ್ ಮಾಡಿಸಿದ್ರ ಎರಡೂ ಕಡೆ ಶಾಖ ಹೆಚ್ಚ ಮಾಡಿದಂಗ ಆತು, ತಡಕೊಳ್ಳಾಕ ಏನೂ ಕೊಡಲಿಲ್ಲ.

ಬ್ರೇಕ್ ಕಿಟ್ಟಿನ ರೊಕ್ಕದಾಗ ಕಾಲು ಭಾಗ ಸಾಕು. ಒಳ್ಳೆ ಬ್ರೇಕ್ ಆಯಿಲ್ ಹಾಕಿಸು, ಟ್ರ್ಯಾಕಿಗೆ ಆಗೋ ಬ್ರೇಕ್ ಪ್ಯಾಡ್ (ಡಿಸ್ಕ್ ಒತ್ತಿ ಹಿಡಿಯೋ ತುಂಡು) ಮುಂದಿನ ಎರಡೂ ಗಾಲಿಗೆ ಹಾಕಿಸು, ಕೂಲಂಟ್ ಹೊಸದು, ಎಂಜಿನ್ ಆಯಿಲ್ ಹೊಸದು. ಉಳಿದ ರೊಕ್ಕಕ್ಕ ಎರಡು ಟ್ರ್ಯಾಕ್ ಡೇ ಹೆಚ್ಚಿಗೆ ಹೋಗು. ಮೊದಲನೇ ದಿನ ನಿನ್ನ ಗಾಡಿ ಅಲ್ಲ, ನಿನ್ನ ಕಾಲು ನಿಧಾನ ಇರ್ತೈತಿ, ಅದನ್ನ ಯಾವ ಕಿಟ್ಟೂ ಸರಿ ಮಾಡೂದಿಲ್ಲ.

ಮುಲುಂಡ್_ಉಡುಪಿ:
ಚಾಕಣದವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮುಂಬೈಯಿಂದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೂ ಹೋಗಿದ್ದೇನೆ, ಚೆನ್ನೈಗೂ ಹೋಗಿದ್ದೇನೆ. ಕರಿ ಸುಮಾರು 2.1 ಕಿಲೋಮೀಟರ್ ಮಾತ್ರ, ಚೆನ್ನೈಯದ್ದು 3.7. ಚಿಕ್ಕ ಟ್ರ್ಯಾಕ್ ಅಲ್ವಾ ಬ್ರೇಕಿಗೆ ಸುಲಭ ಅಂತ ಎಣಿಸ್ಬೇಡಿ ಮಾರಾಯ್ರೆ, ತಿರುವು ಮೇಲೆ ತಿರುವು, ಡಿಸ್ಕಿಗೆ ಗಾಳಿ ತಗೊಳ್ಲಿಕ್ಕೆ ಟೈಮೇ ಸಿಗೋದಿಲ್ಲ. ಗ್ರೇಟರ್ ನೋಯ್ಡಾದ ಬುದ್ಧ್ ಟ್ರ್ಯಾಕಲ್ಲಿ ಇನ್ನೊಂದು ಕಥೆ, ಅಲ್ಲಿ ಒಂದು ಕಿಲೋಮೀಟರಿಗಿಂತ ಉದ್ದದ ಸ್ಟ್ರೇಟ್ ಉಂಟು, ಕೊನೆಯಲ್ಲಿ ಒಂದೇ ಸಲಕ್ಕೆ ಬಹಳ ಸ್ಪೀಡ್ ಇಳಿಸ್ಬೇಕು. ಎರಡೂ ಬ್ರೇಕನ್ನು ಸುಡ್ತದೆ, ಬೇರೆ ಬೇರೆ ರೀತಿಯಲ್ಲಿ.

ನಮ್ಮ ಮುಂಬೈ ಕಡೆಯವರಿಗೆ ಒಂದು ವಿಷಯ ವಿಶೇಷವಾಗಿ ಹೇಳ್ಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರ್ತದೆ, ರಬ್ಬರ್ ಹೋಸಿನ ಮೂಲಕ, ಡಬ್ಬಿ ಮುಚ್ಚಳದ ಮೂಲಕ ನಿಧಾನವಾಗಿ ಒಳಗೆ ಹೋಗ್ತದೆ. ಮುಂಬೈಯ ನಾಲ್ಕು ತಿಂಗಳ ಮಳೆ ಕಳೆದ ಮೇಲೆ ಅದರ ಅವಸ್ಥೆ ಎಂತ ಅಂತ ನೀವೇ ಯೋಚನೆ ಮಾಡಿ. ಹಾಗಾಗಿ ಮಳೆಗಾಲ ಮುಗಿದ ಮೇಲೆ, ಟ್ರ್ಯಾಕಿಗೆ ಹೋಗುವ ಒಂದೆರಡು ವಾರ ಮೊದಲು ಬದಲಾಯಿಸುವುದು, ಮಳೆಗೆ ಮೊದಲು ಬದಲಾಯಿಸಿ ಏನೂ ಪ್ರಯೋಜನ ಇಲ್ಲ.

ಹಿಂಜವಡಿ_ಶಿವಮೊಗ್ಗ:
ಥ್ಯಾಂಕ್ಸ್ ಅಣ್ಣ. ಆದ್ರೆ ಒಂದು ಡೌಟು. ನಾನು ಎಕ್ಸ್‌ಪ್ರೆಸ್‌ವೇಲಿ ಖಂಡಾಲಾ ಘಾಟ್ ಎಷ್ಟೋ ಸಲ ಇಳಿದಿದೀನಿ, ತಾಮ್ಹಿಣಿ ಘಾಟ್, ವರಂಧ ಘಾಟ್ ಎಲ್ಲಾ ಆಗಿದೆ, ಒಂದು ದಿನಾನೂ ಬ್ರೇಕ್ ಕೈಕೊಟ್ಟಿಲ್ಲ. ಘಾಟಲ್ಲೇ ಏನೂ ಆಗದ ಬ್ರೇಕು ಟ್ರ್ಯಾಕಲ್ಲಿ ಯಾಕೆ ಸೋಲುತ್ತೆ?

ಚಾಕಣ_ಧಾರವಾಡ:
ಒಳ್ಳೆ ಪ್ರಶ್ನಿ. ಲೆಕ್ಕಾ ಹಾಕೂಣು, ನಾ ಚಾಕಣದಾಗ ಪಾರ್ಟ್ಸ್ ಟೆಸ್ಟಿಂಗ್ ಕೆಲಸದಾಗ ಇದೇನಿ, ಬಾಯಿ ಮಾತಿಗಿಂತ ಲೆಕ್ಕದ ಮ್ಯಾಲೆ ನಂಬಿಕಿ ಹೆಚ್ಚು.

ನೀ ಕೂತು ಗಾಡಿ ತೂಕ 1200 ಕೆಜಿ ಅಂತ ಹಿಡಿ. ರೋಡಿನ್ಯಾಗ 100ರಿಂದ 60ಕ್ಕ ಬಂದ್ರ ಬ್ರೇಕ್ ನುಂಗೋದು ಸುಮಾರು 3 ಲಕ್ಷ ಜೂಲ್. ಟ್ರ್ಯಾಕಿನ್ಯಾಗ 160ರಿಂದ ಅದ 60ಕ್ಕ ಬಂದ್ರ ಸುಮಾರು 10 ಲಕ್ಷ ಜೂಲ್. ಯಾಕಂದ್ರ ಸ್ಪೀಡ್ ವರ್ಗ ಆಕ್ಕೈತಿ, ಸ್ಪೀಡ್ ಡಬಲ್ ಆದ್ರ ಶಾಖ ನಾಕ್ ಪಟ್ಟು. ಈ 10 ಲಕ್ಷದಾಗ 70 ಪರ್ಸೆಂಟ್ ಮುಂದಿನ ಎರಡು ಡಿಸ್ಕಿಗೆ ಅಂತ ಹಿಡದ್ರ, ಒಂದೊಂದು ಡಿಸ್ಕ್ 6 ಕೆಜಿ ಬೀಡು ಅಂತ ಇಟ್ಕೊಂಡ್ರ, ಒಂದ ಒಂದು ಬ್ರೇಕಿಗೆ ಡಿಸ್ಕ್ 120 ಡಿಗ್ರಿ ಹತ್ರ ಏರ್ತೈತಿ. ಒಂದ ಸಲ! ಅದು ಆರೋದ್ರೊಳಗ ಮುಂದಿನ ತಿರುವು ಬಂತು, ಮತ್ತ ಏರ್ತೈತಿ. ಹಿಂಗ ನಾಕೈದು ಲ್ಯಾಪ್ ಆದ್ರ ಡಿಸ್ಕ್ 400, 500 ಮುಟ್ಟೋದು ಏನ್ ದೊಡ್ಡ ಮಾತಲ್ಲ.

ಈಗ ನಿನ್ನ ಘಾಟ್ ತಗೋ. ಲೋಣಾವಳಾದಿಂದ ಖೋಪೋಲಿಗೆ ಇಳಿಯೋದು 500 ಮೀಟರ್ ಮ್ಯಾಲೆ ಐತಿ, ಅದ 1200 ಕೆಜಿಗೆ ಒಟ್ಟು 60 ಲಕ್ಷ ಜೂಲ್ ಹತ್ರ ಬರತೈತಿ, ಕೇಳಾಕ ದೊಡ್ಡದು. ಖರೆ ಅದು ಹತ್ತು ಹದಿನೈದು ನಿಮಿಷಕ್ಕ ಹಂಚಿ ಹೋಗ್ತೈತಿ, ಅದರಾಗೂ ಎಂಜಿನ್ ಬ್ರೇಕಿಂಗ್ ಒಂದು ಪಾಲು ತಗೋತೈತಿ, ಗಾಳಿ ಒಂದು ಪಾಲು ತಗೋತೈತಿ. ಟ್ರ್ಯಾಕಿನ್ಯಾಗ ಎರಡೂವರಿ ನಿಮಿಷದ ಲ್ಯಾಪಿನ್ಯಾಗ 20, 30 ಲಕ್ಷ ಜೂಲ್, ಅದೂ ಪೂರ್ತಿ ಬ್ರೇಕಿನ ಮ್ಯಾಲೆ, ಹದಿನೈದು ಇಪ್ಪತ್ತು ನಿಮಿಷ ಬಿಡದ. ಹಿಂಗಾಗಿ ಘಾಟಿನ್ಯಾಗ ಪಾಸ್ ಆದದ್ದು ಇಲ್ಲಿ ಲೆಕ್ಕಕ್ಕ ಬರೂದಿಲ್ಲ.

ಮುಲುಂಡ್_ಉಡುಪಿ:
ಇದಕ್ಕೆ ನಾನು ಒಂದು ಸೇರಿಸ್ತೇನೆ, ಬ್ರೇಕ್ ಸೋಲುವುದು ಎರಡು ಥರ, ಅದನ್ನು ಕಾಲಿನಲ್ಲೇ ಗುರುತು ಹಿಡಿಯಲಿಕ್ಕೆ ಆಗ್ತದೆ. ಪೆಡಲ್ ಗಟ್ಟಿಯಾಗೇ ಉಂಟು, ಎಷ್ಟು ಒತ್ತಿದ್ರೂ ಗಾಡಿ ನಿಲ್ತಾ ಇಲ್ಲ ಅಂದ್ರೆ ಪ್ಯಾಡ್ ಫೇಡ್ ಆಗಿದೆ, ಅದರ ಕಾಂಪೌಂಡ್ ಶಾಖಕ್ಕೆ ಹಿಡಿತ ಬಿಟ್ಟಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಕೆಳಗೆ ಹೋಗ್ತಾ ಉಂಟು ಅಂದ್ರೆ ಆಯಿಲ್ ಕುದ್ದಿದೆ. ದ್ರವ ಒತ್ತಿದ್ರೆ ಕುಗ್ಗುವುದಿಲ್ಲ, ಆವಿ ಕುಗ್ತದೆ, ಹಾಗಾಗಿ ನೀವು ಒತ್ತಿದ್ದೆಲ್ಲ ಆವಿಯನ್ನು ಕುಗ್ಗಿಸಲಿಕ್ಕೇ ಹೋಗ್ತದೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ ಮುಟ್ಟುವುದೇ ಇಲ್ಲ. ಮೊದಲನೆಯದು ನಿಧಾನವಾಗಿ ಬರ್ತದೆ, ಮುನ್ಸೂಚನೆ ಕೊಡ್ತದೆ. ಎರಡನೆಯದು ಒಂದು ತಿರುವಲ್ಲಿ ಚೆನ್ನಾಗಿದ್ದು ಮುಂದಿನ ತಿರುವಲ್ಲಿ ಇಲ್ಲ. ನಮ್ಮ ಗುಂಪಿನ ಒಬ್ಬರಿಗೆ ಹಾಗೆ ಆಯ್ತು, ಗ್ಯಾರೇಜಿನವರು ಆಯಿಲ್ ಬಣ್ಣ ನೋಡಿ ಚೆನ್ನಾಗಿಯೇ ಉಂಟು ಅಂದಿದ್ದರಂತೆ, ಮೂರನೇ ಸೆಷನಿನಲ್ಲಿ ಪೆಡಲ್ ನೆಲಕ್ಕೆ ಹೋಯ್ತು. ಪಂಪ್ ಮಾಡಿ ಮಾಡಿ ಹೇಗೋ ಸ್ವಲ್ಪ ಒತ್ತಡ ಬಂತು, ಟ್ರ್ಯಾಕಿನ ಹೊರಗೆ ಅಗಲವಾದ ಖಾಲಿ ಜಾಗ (ರನಾಫ್) ಇತ್ತು, ಯಾರಿಗೂ ಏನೂ ಆಗಲಿಲ್ಲ. ಬಣ್ಣ ನೋಡಿ ತೇವ ಎಷ್ಟು ಅಂತ ಹೇಳ್ಲಿಕ್ಕೆ ಆಗುವುದಿಲ್ಲ, ದಯವಿಟ್ಟು ನೆನಪಿಡಿ.

ಹಿಂಜವಡಿ_ಶಿವಮೊಗ್ಗ:
ಇದು ಓದಿ ರಿಮ್ಯಾಪ್ ಆಸೆ ಹೋಯ್ತು ಅಣ್ಣ, ನಿಜವಾಗ್ಲೂ. ಆಯಿಲ್ ಯಾವುದು ತಗೋಬೇಕು? ಡಾಟ್ 4, 5, 5.1 ಅಂತೆಲ್ಲ ಇದೆ, ನಂಬರ್ ದೊಡ್ಡದಿದ್ದಷ್ಟೂ ಒಳ್ಳೇದಾ?

ಚಾಕಣ_ಧಾರವಾಡ:
ಅಲ್ಲ, ಇಲ್ಲೇ ಮಂದಿ ತಪ್ಪತಾರ. ಡಾಟ್ 5 ಸಿಲಿಕೋನ್ ಆಯಿಲ್, ಅದು ನಮ್ಮ ಗಾಡಿಗಲ್ಲ, ಇರೋ ಆಯಿಲ್ ಜೋಡಿ ಕೂಡೂದೂ ಇಲ್ಲ, ಎಬಿಎಸ್ ಇದ್ದ ಗಾಡಿಗೆ ಅದರ ಹತ್ರಾನೂ ಹೋಗಬ್ಯಾಡ. ಡಾಟ್ 3, 4, 5.1 ಮೂರೂ ಗ್ಲೈಕಾಲ್ ಜಾತಿ. ಕುದಿಯೋ ಡಿಗ್ರಿ ಎರಡು ಬರೀತಾರ, ಡ್ರೈ ಮತ್ತ ವೆಟ್. ವೆಟ್ ಅಂದ್ರ ಅದರಾಗ 3.7 ಪರ್ಸೆಂಟ್ ನೀರು ಸೇರಿದ ಮ್ಯಾಲೆ ಎಷ್ಟಕ್ಕ ಕುದೀತೈತಿ ಅಂತ. ಸ್ಟ್ಯಾಂಡರ್ಡಿನ ಪ್ರಕಾರ ಡಾಟ್ 4 ಕಡಿಮಿ ಅಂದ್ರೂ ಡ್ರೈ 230, ವೆಟ್ 155 ಇರಬೇಕು. ಡಾಟ್ 5.1 ಡ್ರೈ 260, ವೆಟ್ 180. ನೋಡು, ಹಳೇ ಡಾಟ್ 4 ಇಟಗೊಂಡು ಟ್ರ್ಯಾಕಿಗೆ ಹೋದ್ರ ನಿನ್ನ ಕೈಯಾಗ ಇರೋದು 155, 230 ಅಲ್ಲ. ಡಿಸ್ಕ್ 500 ಆದಾಗ ಕ್ಯಾಲಿಪರ್ ಒಳಗಿನ ಆಯಿಲ್ 155 ದಾಟೋದು ಕಷ್ಟ ಏನಿಲ್ಲ.

ರೇಸಿಂಗ್ ಆಯಿಲ್ ಅಂತ ಮೋಟುಲ್ ಆರ್‌ಬಿಎಫ್ 600 ನಮ್ಮ ದೇಶದಾಗ ಸಿಗತೈತಿ, ಡ್ರೈ 312, ವೆಟ್ ಸುಮಾರು 204. ಅರ್ಧ ಲೀಟರ್ ಬಾಟ್ಲಿ ಬರತೈತಿ, ಪೂರ್ತಿ ಫ್ಲಶ್ ಮಾಡಾಕ ಎರಡು ಬೇಕು, ಉಳದದ್ದು ಟ್ರ್ಯಾಕಿನ್ಯಾಗ ಒಮ್ಮೆ ಬ್ರೇಕ್ ಲೈನಿನ್ಯಾಗಿನ ಏರ್ ತೆಗಿಯಾಕ ಇರಲಿ. ಖರೆ ಒಂದು ಬಾಟ್ಲಿ ಸೀಲ್ ಒಡದ ಮ್ಯಾಲೆ ಅದನ್ನ ಮುಂದಿನ ವರ್ಷಕ್ಕ ಅಂತ ಕಪಾಟಿನ್ಯಾಗ ಇಡಬ್ಯಾಡ. ನಿಮ್ಮ ಊರಾಗ ಯಾರರೆ ಬರೇ ಡಬ್ಬ್ಯಾಗಿನ ಆಯಿಲ್ ಎಳದು ಮ್ಯಾಲೆ ಹೊಸಾದು ಸುರದು ಆತು ಅಂದ್ರ ಒಪ್ಪಬ್ಯಾಡ, ಕುದಿಯೋದು ಕ್ಯಾಲಿಪರಿನ್ಯಾಗಿನ ಆಯಿಲ್, ಡಬ್ಬ್ಯಾಗಿಂದಲ್ಲ. ನಾಕೂ ಗಾಲಿ ನಿಪ್ಪಲ್‌ದಿಂದ ಹೊಸ ಬಣ್ಣ ಬರೋ ತನಕ ಬಿಡಸು, ಮುಂದ ನಿಂತು ನೋಡು. ಮ್ಯಾನುಯಲ್ ಗೇರ್ ಗಾಡ್ಯಾಗ ಭಾಳಷ್ಟು ಕಡೆ ಕ್ಲಚ್ಚಿಗೂ ಅದ ಡಬ್ಬಿಯಿಂದ ಆಯಿಲ್ ಹೋಗ್ತೈತಿ, ಅವರು ಕ್ಲಚ್ ಲೈನೂ ಫ್ಲಶ್ ಮಾಡಸ್ರಿ.

ವಾಸ್ಕೋ_ಕಾರವಾರ:
ಗೋವಾದಿಂದ ನಾನೊಂದು ಹೇಳ್ತೆ. ಇಲ್ಲಿ ಸಮುದ್ರದ ಗಾಳಿ, ಗಾಡಿ ಎರಡು ದಿನ ನಿಂತರೆ ಡಿಸ್ಕ್ ಕೆಂಪಗೆ ಆಗ್ತದೆ, ಅದು ನಾಲ್ಕು ಬ್ರೇಕಿಗೆ ಹೋಗ್ತದೆ, ತೊಂದರೆ ಇಲ್ಲ. ತೊಂದರೆ ಇರೋದು ಒಳಗೆ, ಕ್ಯಾಲಿಪರ್ ಜಾರುವ ಪಿನ್. ಅದು ತುಕ್ಕು ಹಿಡಿದು ಗಟ್ಟಿಯಾದರೆ ಒಳಗಿನ ಪ್ಯಾಡ್ ಮಾತ್ರ ಕೆಲಸ ಮಾಡ್ತದೆ, ಹೊರಗಿನದು ಸುಮ್ಮನೆ ಇರ್ತದೆ. ರೋಡಲ್ಲಿ ಗೊತ್ತೇ ಆಗೋದಿಲ್ಲ, ಟ್ರ್ಯಾಕಲ್ಲಿ ಒಂದು ಪ್ಯಾಡ್ ಮಾತ್ರ ಸುಟ್ಟು ಹೋಗ್ತದೆ, ಗಾಡಿ ಒಂದು ಬದಿ ಎಳೀತದೆ. ಪ್ಯಾಡ್ ತೆಗೆದಾಗ ಒಳಗಿನದು ಹೊರಗಿನದು ಎರಡೂ ಸಮ ಸವೆದಿದೆಯಾ ನೋಡಿ. ಇಲ್ಲವಾದರೆ ಪಿನ್ ಬಿಚ್ಚಿ ಒರೆಸಿ ಬ್ರೇಕಿಗೆ ಅಂತಲೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ, ಮಾಮೂಲಿ ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಉಬ್ಬಿ ಹಾಳಾಗ್ತದೆ. ಪಿಸ್ಟನ್ ಮೇಲಿನ ರಬ್ಬರ್ ಬೂಟ್ ಹರಿದಿದ್ದರೆ ಟ್ರ್ಯಾಕಿಗೆ ಹೋಗಲೇಬೇಡಿ, ಮೊದಲು ಕ್ಯಾಲಿಪರಿನ ರಬ್ಬರ್ ಕಿಟ್ ಹಾಕಿಸಿ.

ಕೊಥ್ರೂಡ್_ಗದಗ:
ಪ್ಯಾಡ್ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ ನೋಡ್ರಿ. ನಾ ಪೂರ್ತಿ ರೇಸ್ ಪ್ಯಾಡ್ ಹಾಕ್ಸೇನಿ ಮತ್ತ ಮುಂದ ತೂತು ಇರೋ ಡ್ರಿಲ್ಡ್ ಡಿಸ್ಕ್ ಹಾಕ್ಸೇನಿ, ಬ್ರೇಕ್ ಭಾರಿ ಆಗ್ಯಾವು. ಹೊಸಬರಿಗೂ ಅದನ್ನ ಮಾಡ್ರಿ ಅಂತೇನಿ.

ಚಾಕಣ_ಧಾರವಾಡ:
ಗದಗದ ಅಣ್ಣಾರ, ನಿಮ್ಮ ಗಾಡಿಗೆ ಸರಿ ಇರಬಹುದು, ನಾ ಒಪ್ಪೂದಿಲ್ಲ, ಯಾಕ ಒಪ್ಪೂದಿಲ್ಲ ಅಂತ ಹೇಳತೇನಿ. ಪೂರ್ತಿ ರೇಸ್ ಪ್ಯಾಡ್ ಕಾಯದ ಹಿಡಿಯೂದಿಲ್ಲ. ಮುಂಜಾನೆ ಹುಬ್ಬಳ್ಳಿ ಬೈಪಾಸಿನ್ಯಾಗ ಒಮ್ಮಿಂದೊಮ್ಮೆ ಎದುರಿಗೆ ಟ್ರ್ಯಾಕ್ಟರ್ ಬಂದಾಗ ಆ ಪ್ಯಾಡ್ ತಣ್ಣಗ ಇರ್ತೈತಿ, ಆಗ ಸ್ಟಾಕ್ ಪ್ಯಾಡಿಗಿಂತ ಉದ್ದ ಹೋಗಿ ನಿಲ್ತೈತಿ. ಸಾವಿರ ಕಿಲೋಮೀಟರ್ ರೋಡ್ ಓಡಸೋ ಗಾಡಿಗೆ ಇದು ದೊಡ್ಡ ಅಪಾಯ. ನಡುವಿನ ಜಾತಿ ಪ್ಯಾಡ್ ಬೇಕು, ರೋಡಿನ್ಯಾಗ ತಣ್ಣಗಿದ್ದಾಗೂ ಹಿಡೀಬೇಕು, 500 ಡಿಗ್ರಿ ಹತ್ರಾನೂ ತಡೀಬೇಕು. ಫೆರೋಡೋ ಡಿಎಸ್2500 ಆ ಸಾಲಿನದು, ಇಬಿಸಿ ಯೆಲ್ಲೋಸ್ಟಫ್ ಆ ಸಾಲಿನದು. ಶಬ್ದ ಮಾಡ್ತಾವ, ಕರೀ ಧೂಳು ಬಿಡ್ತಾವ, ಅಲಾಯ್ ವೀಲ್ ವಾರಕ್ಕೊಮ್ಮೆ ತೊಳೀಬೇಕು, ಅದಕ್ಕ ಒಪ್ಪಿಕೊಂಡ ಹಾಕ್ಸ್ರಿ.

ಡ್ರಿಲ್ಡ್ ಡಿಸ್ಕ್ ಮಾತ್ರ ಟ್ರ್ಯಾಕಿಗೆ ಬ್ಯಾಡರಿ. ಪ್ರತಿ ತೂತಿನ ಅಂಚಿನ್ಯಾಗ ಶಾಖದ ಎಳೆತ ಕೂಡತೈತಿ, ಬಿರುಕು ಅಲ್ಲಿಂದ ಶುರು ಆಗ್ತಾವ. ಕಂಪನಿ ಗುಣಮಟ್ಟದ ಸಾದಾ ವೆಂಟಿಲೇಟೆಡ್ ಡಿಸ್ಕ್ ಒಳ್ಳೇದು, ತೂಕ ಹೆಚ್ಚು ಇದ್ದಷ್ಟೂ ಶಾಖ ಹೆಚ್ಚು ನುಂಗತೈತಿ. ಡಿಸ್ಕಿನ ಅಂಚಿನ ಮ್ಯಾಲೆ ಕನಿಷ್ಠ ದಪ್ಪ ಎಷ್ಟಂತ ಕೆತ್ತಿರ್ತಾರ, ಅದರ ಹತ್ರ ಬಂದ ಡಿಸ್ಕ್ ಲೇತಿಗೆ ಹಾಕಿಸಿ ಟ್ರ್ಯಾಕಿಗೆ ಒಯ್ಯಬ್ಯಾಡ್ರಿ, ಹೊಸಾದು ತಗೋರಿ.

ಪ್ಯಾಡ್ ದಪ್ಪದ ಬಗ್ಗೆ ಒಂದು ಮಾತು, ಇದು ಭಾಳ ಮಂದಿ ಮರೀತಾರ. ಪ್ಯಾಡ್ ಅರ್ಧಕ್ಕಿಂತ ಕಡಿಮಿ ಇದ್ರ ಅದನ್ನ ರೋಡಿಗೆ ಮುಗಸ್ರಿ, ಟ್ರ್ಯಾಕಿಗೆ ಬ್ಯಾಡ. ಡಿಸ್ಕಿನ ಶಾಖ ಪಿಸ್ಟನ್ನಿಗೆ, ಆಯಿಲ್ಲಿಗೆ ಹೋಗೋದು ಪ್ಯಾಡಿನ ಮುಖಾಂತರ. ದಪ್ಪ ಪ್ಯಾಡ್ ಅಂದ್ರ ನಡುವ ಒಂದು ದಪ್ಪ ಗ್ವಾಡಿ ಇದ್ದಂಗ. ತೆಳ್ಳಗಾದ್ರ ಎಷ್ಟ ಒಳ್ಳೆ ಆಯಿಲ್ ಹಾಕಿದ್ರೂ ಕುದಿಯೋ ಸಾಧ್ಯತಾ ಹೆಚ್ಚು.

ಕೊಥ್ರೂಡ್_ಗದಗ:
ತಣ್ಣಗಿದ್ದಾಗ ಹಿಡಿಯೂದಿಲ್ಲ ಅನ್ನೋದು ಖರೇ ಐತ್ರಿ, ಸೊಸೈಟಿ ಗೇಟಿನ್ಯಾಗ ಮುಂಜಾನೆ ನನಗೂ ಗೊತ್ತಾಗೇತಿ. ಬಿರುಕು ಇನ್ನೂ ಬಂದಿಲ್ಲ, ನೋಡ್ತೇನಿ, ಮುಂದಿನ ಸಲ ಸಾದಾ ಡಿಸ್ಕ್ ಹಾಕ್ಸ್ತೇನಿ. ಹೊಸ ಪ್ಯಾಡ್ ಬೆಡ್ ಮಾಡೋದು (ಕಾಯಿಸಿ ಡಿಸ್ಕಿಗೆ ಹೊಂದಿಸೋದು) ಹೆಂಗ ಅಂತ ಹೊಸಬರಿಗೆ ಹೇಳ್ರಿ.

ಮುಲುಂಡ್_ಉಡುಪಿ:
ಬೆಡ್ಡಿಂಗ್ ನಾನು ಹೇಳ್ತೇನೆ. ಹೊಸ ಪ್ಯಾಡ್ ಹಾಕಿ ಸೀದಾ ಟ್ರ್ಯಾಕಿಗೆ ಹೋದ್ರೆ ಅದರೊಳಗಿನ ರೆಸಿನ್ ಮೊದಲ ಸಲ ಕಾದಾಗ ಗ್ಯಾಸ್ ಬಿಡ್ತದೆ, ಪ್ಯಾಡಿಗೂ ಡಿಸ್ಕಿಗೂ ನಡುವೆ ಆ ಗ್ಯಾಸ್ ಸಿಕ್ಕಿಕೊಂಡು ಬ್ರೇಕ್ ಜಾರ್ತದೆ. ಬೆಳಿಗ್ಗೆ ಬೇಗ, ಹಿಂದೆ ಯಾರೂ ಇಲ್ಲದ ಖಾಲಿ ನೇರ ರಸ್ತೆ ನೋಡಿ, 80ರಿಂದ 15, 20ರ ತನಕ ಗಟ್ಟಿಯಾಗಿ ಬ್ರೇಕ್, ಪೂರ್ತಿ ನಿಲ್ಲಿಸ್ಬಾರ್ದು, ಮತ್ತೆ ಸ್ಪೀಡ್, ಹೀಗೆ ಎಂಟು ಹತ್ತು ಸಲ. ವಾಸನೆ ಬರ್ತದೆ, ಹೆದರ್ಬೇಡಿ. ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ತಣ್ಣಗೆ ಮಾಡಿ. ಬಿಸಿಯಿರುವಾಗ ನಿಲ್ಲಿಸಿ ಪೆಡಲ್ ಒತ್ತಿ ಹಿಡ್ಕೊಂಡ್ರೆ ಪ್ಯಾಡಿನ ಪದರ ಡಿಸ್ಕಿನ ಒಂದೇ ಜಾಗಕ್ಕೆ ಅಂಟ್ತದೆ, ಆಮೇಲೆ ಪೆಡಲ್ ನಡುಗ್ತದೆ, ಜನ ಡಿಸ್ಕ್ ಬೆಂಡ್ ಆಯ್ತು ಅಂತಾರೆ. ಹೆಚ್ಚಿನ ಸಲ ಬೆಂಡ್ ಆಗಿರುವುದಿಲ್ಲ, ಅಂಟಿರುವ ಪದರ ಅಷ್ಟೆ.

ಹಿಂಜವಡಿ_ಶಿವಮೊಗ್ಗ:
ಬರ್ಕೊಳ್ತಾ ಇದೀನಿ ಎಲ್ಲಾನೂ. ನಂದು ಹಿಂದೆ ಡ್ರಮ್ಮು, ಅದಕ್ಕೇನಾದ್ರೂ ಮಾಡ್ಬೇಕಾ? ಮತ್ತೆ ಡಿಸ್ಕ್ ಹಿಂದಿನ ತಗಡು ತೆಗೆಸಿದ್ರೆ ಗಾಳಿ ಚೆನ್ನಾಗಿ ಬರುತ್ತೆ ಅಂತ ಒಬ್ರು ಹೇಳಿದ್ರು.

ಚಾಕಣ_ಧಾರವಾಡ:
ಹಿಂದಿನ ಡ್ರಮ್ ಬಿಚ್ಚಿಸಿ ಧೂಳು ತೆಗಸು, ಸಿಲಿಂಡರ್ ಸೋರತೈತೇನು ನೋಡು, ಶೂ ಅಡ್ಜಸ್ಟ್ ಮಾಡಸು, ಸಾಕು. ಬ್ರೇಕ್ ಹಿಡದಾಗ ಭಾರ ಎಲ್ಲಾ ಮುಂದ ಬರತೈತಿ, ಹಿಂದಿನ ಡ್ರಮ್ಮಿನ ಪಾಲು ಸಣ್ಣದು. ಹಿಂದ ಡಿಸ್ಕ್ ಕನ್ವರ್ಷನ್ ಅಂತ ರೊಕ್ಕ ಸುರೀಬ್ಯಾಡ.

ತಗಡು ತೆಗಸಬ್ಯಾಡ. ನಮ್ಮ ರೋಡಿನ ಕೆಸರು, ಕಲ್ಲು ಎಲ್ಲಾ ಸೀದಾ ಡಿಸ್ಕಿನ ಒಳಗಿನ ಮುಖಕ್ಕ ಬಡೀತಾವ, ಬಾಲ್ ಜಾಯಿಂಟಿನ ರಬ್ಬರಿಗೆ ಡಿಸ್ಕಿನ ಶಾಖ ನೇರ ತಾಗತೈತಿ. ಗಾಳಿ ಬೇಕಂದ್ರ ಬಂಪರಿನ ಫಾಗ್ ಲ್ಯಾಂಪಿನ ಜಾಗದಿಂದ ಪೈಪ್ ಎಳದು ಡಿಸ್ಕಿನ ನಡುವಿನ ಭಾಗಕ್ಕ ಗಾಳಿ ಬಿಡಬೇಕು, ವೆಂಟಿಲೇಟೆಡ್ ಡಿಸ್ಕ್ ನಡುವಿಂದ ಗಾಳಿ ಎಳಕೊಂಡು ಅಂಚಿನಿಂದ ಹೊರಗ ಬಿಡತೈತಿ. ಅದು ಮೂರ್ನಾಕು ಟ್ರ್ಯಾಕ್ ಡೇ ಆದ ಮ್ಯಾಲಿನ ಕೆಲಸ, ಈಗ ಬೇಕಾಗಿಲ್ಲ. ಈಗ ಕೂಲಿಂಗ್ ಮಾತಿಗೆ ಬರೂಣು.

ಮುಂಬೈ_ಥಾಣೆ_ಹಾಸನ:
ಕೂಲಿಂಗ್ ಅಂದ್ರೆ ನಮ್ಮ ಕಡೆ ಮೆಕ್ಯಾನಿಕ್ ಒಬ್ರು ಥರ್ಮೋಸ್ಟ್ಯಾಟ್ (ಎಂಜಿನ್ ಕಾದ ಮೇಲೆ ಕೂಲಂಟನ್ನ ರೇಡಿಯೇಟರಿಗೆ ಬಿಡೋ ವಾಲ್ವ್) ತೆಗೆದುಬಿಡಿ, ಗಾಡಿ ಯಾವತ್ತೂ ಬಿಸಿಯೇ ಆಗಲ್ಲ ಅಂದ್ರು. ಬೇಸಿಗೇಲಿ ಎಷ್ಟೋ ಟ್ಯಾಕ್ಸಿಯವರು ಹಾಗೇ ಮಾಡ್ತಾರಂತೆ. ಇದು ಟ್ರ್ಯಾಕಿಗೆ ಸರಿನಾ?

ಚಾಕಣ_ಧಾರವಾಡ:
ಬ್ಯಾಡರಿ ಸರ್, ಇದನ್ನ ಕೈಮುಗದು ಹೇಳತೇನಿ. ಥರ್ಮೋಸ್ಟ್ಯಾಟ್ ಇಲ್ಲಂದ್ರ ಹೈವೇದಾಗ ಎಂಜಿನ್ ಕಾಯೂದ ಇಲ್ಲ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎಂಜಿನ್ ಇನ್ನೂ ತಣ್ಣಗ ಐತಿ ಅಂತ ತಿಳದು ಪೆಟ್ರೋಲ್ ಹೆಚ್ಚ ಹಾಕತೈತಿ, ಆ ಪೆಟ್ರೋಲ್ ಸಿಲಿಂಡರ್ ಗ್ವಾಡಿ ತೊಳದು ಎಂಜಿನ್ ಆಯಿಲ್ಲಿಗೆ ಇಳೀತೈತಿ. ಇನ್ನೊಂದು, ಭಾಳಷ್ಟು ಎಂಜಿನ್ನಿನ್ಯಾಗ ಥರ್ಮೋಸ್ಟ್ಯಾಟ್ ತೆರದಾಗ ಬೈಪಾಸ್ ದಾರಿ ಮುಚ್ಚತೈತಿ. ಅದನ್ನ ತೆಗದ್ರ ಬೈಪಾಸ್ ತೆರದ ಇರ್ತೈತಿ, ಅರ್ಧ ನೀರು ರೇಡಿಯೇಟರಿಗೆ ಹೋಗದ ಅಲ್ಲೇ ತಿರಗತೈತಿ. ಟ್ರ್ಯಾಕಿನ ಫುಲ್ ಲೋಡಿನ್ಯಾಗ ಗಾಡಿ ಇನ್ನೂ ಹೆಚ್ಚ ಬಿಸಿ ಆಗಬಹುದು.

ಮಾಡಬೇಕಾದ್ದು ಸಣ್ಣ ಕೆಲಸ. ರೇಡಿಯೇಟರ್ ಮುಂದ ಎಸಿ ಕಂಡೆನ್ಸರ್ ಇರ್ತೈತಿ, ಅವೆರಡರ ನಡುವ ಧೂಳು, ಹುಳ, ಒಣ ಎಲಿ ಕೂತಿರ್ತಾವ. ಚಾಕಣ, ಹಿಂಜವಡಿ ಕಡೆ ಕನ್‌ಸ್ಟ್ರಕ್ಷನ್ ಧೂಳು ಎಷ್ಟಂತ ಗೊತ್ತ ಐತಿ. ಬಂಪರ್ ಬಿಚ್ಚಿಸಿ ಎಂಜಿನ್ ಕಡೆಯಿಂದ ಹೊರಕ್ಕ ಸಣ್ಣ ಪ್ರೆಶರಿನ್ಯಾಗ ನೀರು ಬಿಡಸು, ವಾಶಿಂಗ್ ಸೆಂಟರಿನ ಜೋರು ಗನ್ ಹಿಡದ್ರ ಫಿನ್ ಮಡಚತಾವ. ರೇಡಿಯೇಟರ್ ಸುತ್ತ ಸಂದಿ ಇದ್ರ ಫೋಮ್ ತುರಕಸು, ಗಾಳಿ ಸಲೀಸ ದಾರಿ ನೋಡಿ ಬಾಜೂದಿಂದ ಹೋಗಿಬಿಡತೈತಿ, ಫಿನ್ ಒಳಗ ಹೋಗೂದಿಲ್ಲ.

ಕೂಲಂಟ್ ಎರಡು ವರ್ಷ ಹಳೇದಿದ್ರ ಬದಲ ಮಾಡು, ನಿನ್ನ ಗಾಡಿ ಮ್ಯಾನುಯಲ್‌ದಾಗ ಬರದದ್ದನ್ನ ಹಾಕು, ಹಸಿರು ಗುಲಾಬಿ ಕೂಡಸಬ್ಯಾಡ. ಬೋರಿನ ನೀರು ಹಾಕೂದಕ್ಕ ಬಿಡಬ್ಯಾಡ, ಡಿಸ್ಟಿಲ್ಡ್ ವಾಟರ್ ತಗೋ. ಅರ್ಧಕ್ಕರ್ಧ ಮಿಕ್ಸ್ ಒತ್ತಡ ಇಲ್ಲದ 107 ಹತ್ರ ಕುದೀತೈತಿ, 15 ಪಿಎಸ್‌ಐ ಕ್ಯಾಪ್ ಇದ್ರ 129 ಹತ್ರ ಹೋಗ್ತೈತಿ. ಅಂದ್ರ ಆ ಇಪ್ಪತ್ತು ಡಿಗ್ರಿ ಪೂರ್ತಿ ಕ್ಯಾಪಿನ ರಬ್ಬರಿನ ಮ್ಯಾಲೆ ನಿಂತೈತಿ. ಹಳೇ ಕ್ಯಾಪ್ ಒತ್ತಡ ಹಿಡೀಲಿಲ್ಲಂದ್ರ ಎಷ್ಟ ಒಳ್ಳೆ ಕೂಲಂಟ್ ಇದ್ರೂ ಕುದೀತೈತಿ. ಕ್ಯಾಪ್ ಹೊಸಾದು ಹಾಕು, ಹೋಸಿನ ಕ್ಲಿಪ್, ವಾಟರ್ ಪಂಪ್ ಹತ್ರ ಒಣಗಿದ ಕೂಲಂಟ್ ಕಲೆ ಐತೇನು ಟಾರ್ಚ್ ಹಿಡದು ನೋಡು.

ಹಿಂಜವಡಿ_ಶಿವಮೊಗ್ಗ:
ಟೆಂಪರೇಚರ್ ಮುಳ್ಳು ನೋಡ್ತಾ ಇದ್ರೆ ಸಾಕಲ್ವಾ? ಯಾವಾಗ್ಲೂ ಮಧ್ಯದಲ್ಲೇ ಇರುತ್ತೆ.

ಮುಲುಂಡ್_ಉಡುಪಿ:
ಅದೇ ಸಮಸ್ಯೆ. ಈಗಿನ ತುಂಬಾ ಗಾಡಿಗಳಲ್ಲಿ ಆ ಮುಳ್ಳನ್ನು ನಡುವಲ್ಲೇ ನಿಲ್ಲುವ ಹಾಗೆ ಮಾಡಿರ್ತಾರೆ, ಒಳಗೆ ಇಪ್ಪತ್ತು ಮೂವತ್ತು ಡಿಗ್ರಿ ಆಚೆ ಈಚೆ ಆದ್ರೂ ತೋರಿಸುವುದಿಲ್ಲ. ಒಂದು ಬ್ಲೂಟೂತ್ ಓಬಿಡಿ ಡಾಂಗಲ್ (ಗಾಡಿಯ ಡಯಾಗ್ನೋಸ್ಟಿಕ್ ಸಾಕೆಟಿಗೆ ಚುಚ್ಚುವುದು) ತಗೊಂಡು ಫೋನಿನಲ್ಲಿ ಕೂಲಂಟ್ ಡಿಗ್ರಿ ನೋಡಿ, ಜೊತೆಗೆ ಇನ್ಟೇಕ್ ಗಾಳಿಯ ಡಿಗ್ರಿ ಕೂಡ. ಟರ್ಬೋ ಗಾಡಿಯಲ್ಲಿ ಅದು ಏರಿದ ಹಾಗೆ ಇಸಿಯು ಪವರ್ ಕಡಿಮೆ ಮಾಡ್ತದೆ, ಮೂರನೇ ಲ್ಯಾಪಿನಲ್ಲಿ ಗಾಡಿ ಮಂಕಾಯ್ತು ಅಂದ್ರೆ ಹೆಚ್ಚಾಗಿ ಇದೇ. ನಾನು ಕೂಲಂಟ್ 110 ಮುಟ್ಟಿದ ಕೂಡಲೇ ಎಸಿ ಬಂದ್ ಇದೆಯಾ ನೋಡಿ ಒಂದು ಲ್ಯಾಪ್ ನಿಧಾನ ಓಡಿಸ್ತೇನೆ. ಇನ್ನೂ ಏರ್ತಾ ಉಂಟು ಅಂದ್ರೆ ಹೀಟರ್ ಫುಲ್ ಹಾಕಿ ಪಿಟ್ಟಿಗೆ ಬನ್ನಿ, ಹೀಟರ್ ಒಂದು ಸಣ್ಣ ರೇಡಿಯೇಟರೇ.

ಎಂಜಿನ್ ಆಯಿಲ್ ಬಗ್ಗೆ: ಕೂಲಂಟ್ ಚೆನ್ನಾಗಿದ್ದರೂ ಆಯಿಲ್ 130 ದಾಟಬಹುದು, ಅದನ್ನು ತೋರಿಸುವ ಗೇಜ್ ಹೆಚ್ಚಿನ ಗಾಡಿಯಲ್ಲಿ ಇಲ್ಲ. ಮ್ಯಾನುಯಲ್ ಒಪ್ಪಿದ್ರೆ ಒಳ್ಳೆ 5ಡಬ್ಲ್ಯೂ-40 ಸಿಂಥೆಟಿಕ್ ಹಾಕಿ, ಲೆವೆಲ್ ಮ್ಯಾಕ್ಸ್ ಗೆರೆ ತನಕ ಇಡಿ, ಮ್ಯಾಕ್ಸ್ ಮೇಲೆ ಬೇಡ. ಎಡಕ್ಕೆ ಬಲಕ್ಕೆ ಉದ್ದದ ತಿರುವಲ್ಲಿ ಆಯಿಲ್ ಒಂದು ಬದಿಗೆ ಹೋಗ್ತದೆ, ಲೆವೆಲ್ ಕಡಿಮೆ ಇದ್ರೆ ಪಂಪ್ ಗಾಳಿ ಎಳೀತದೆ. ಊರಿಂದ ಹೊರಡುವಾಗ ಫುಲ್ ಇತ್ತು ಅಂತ ಬಿಡ್ಬೇಡಿ, ಚೆನ್ನೈ ಮುಟ್ಟಿದ ಮೇಲೆ ಮತ್ತೆ ಡಿಪ್‌ಸ್ಟಿಕ್ ಎಳೆದು ನೋಡಿ.

ಚಾಕಣ_ಧಾರವಾಡ:
ತಮ್ಮಾ ನಿನ್ನ 7 ಸ್ಪೀಡ್ ಡಿಎಸ್‌ಜಿ ಡ್ರೈ ಕ್ಲಚ್ಚಿಂದು, ಅದನ್ನ ತಣ್ಣಗ ಮಾಡಾಕ ಆಯಿಲ್ ಇಲ್ಲ. ಪಿಟ್ ಲೇನಿನ ಸಾಲಿನ್ಯಾಗ ಇಂಚ್ ಇಂಚ್ ಮುಂದ ಹೋಗಬ್ಯಾಡ, ಮುಂದಿನ ಗಾಡಿ ಪೂರ್ತಿ ಹೋದ ಮ್ಯಾಲೆ ಒಮ್ಮೆ ಬಿಟ್ಟು ಹೋಗು. ಲಾಂಚ್ ಸ್ಟಾರ್ಟ್ ಆಟ ಆಡಬ್ಯಾಡ.

ಸೆಷನ್ ಹೆಂಗ ಓಡಸೋದು ಅನ್ನೋದೂ ಕೂಲಿಂಗಿನ ಭಾಗ. ಮೊದಲ ಲ್ಯಾಪ್ ಎಲ್ಲಾ ಕಾಯಾಕ, ನಡುವ ಮೂರ್ನಾಕು ಲ್ಯಾಪ್ ಜೋರು, ಕಡೇ ಲ್ಯಾಪ್ ಬ್ರೇಕ್ ಮುಟ್ಟದಂಗ ನಿಧಾನ. ಪಿಟ್ಟಿಗೆ ಬಂದ ಮ್ಯಾಲೆ ಹ್ಯಾಂಡ್‌ಬ್ರೇಕ್ ಎಳೀಬ್ಯಾಡ, ಪಿ ಒಳಗ ಹಾಕಿ ಗಾಲಿಗೆ ಕಲ್ಲು ಇಡು. ಎಂಜಿನ್ ಒಂದೆರಡು ನಿಮಿಷ ಚಾಲೂ ಇರಲಿ, ಟರ್ಬೋ ಆರಲಿ. ಗಾಲಿ ಬೋಲ್ಟ್ ಪ್ರತಿ ಸೆಷನ್ ಆದ ಮ್ಯಾಲೆ, ಗಾಲಿ ಆರಿದ ಮ್ಯಾಲೆ, ಟಾರ್ಕ್ ರೆಂಚಿನಿಂದ ನೋಡು, ಪೋಲೋಕ್ಕ 120 ನ್ಯೂಟನ್ ಮೀಟರ್.

ಮುಂಬೈ_ಥಾಣೆ_ಹಾಸನ:
ಥರ್ಮೋಸ್ಟ್ಯಾಟ್ ವಿಷಯ ಸ್ಪಷ್ಟ ಆಯ್ತು, ಧನ್ಯವಾದ. ನಾನು ಇನ್ಶೂರೆನ್ಸ್ ಕೆಲಸದಲ್ಲಿರೋನು, ಆದ್ರಿಂದ ಇದನ್ನ ಹೇಳ್ಲೇಬೇಕು. ನಮ್ಮ ದೇಶದ ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್‌ಗೆ ಬಳಸಿದ್ರೆ ಕವರ್ ಇಲ್ಲ ಅಂತ ಬರೆದಿರುತ್ತೆ. ಟ್ರ್ಯಾಕಲ್ಲಿ ಆದ ಡ್ಯಾಮೇಜ್ ನಿಮ್ಮ ಜೇಬಿಂದಲೇ ಅಂತ ತಿಳ್ಕೊಂಡು ಹೋಗಿ. ಇದಕ್ಕೆ ಹೆದರಿ ಟ್ರ್ಯಾಕ್ ಬೇಡ, ಆಂಬಿ ವ್ಯಾಲಿ ರೋಡಲ್ಲೋ ತಾಮ್ಹಿಣಿಯಲ್ಲೋ ಬೆಳಿಗ್ಗೆ ಹೋಗಿ ಓಡಿಸೋಣ ಅನ್ನೋರೂ ಇದಾರೆ, ಅದು ಮೋಟಾರ್ ವೆಹಿಕಲ್ ಕಾಯ್ದೆ ಸೆಕ್ಷನ್ 189ರ ಕೆಳಗೆ ಅಪರಾಧ, ಅದಕ್ಕಿಂತ ಮುಖ್ಯವಾಗಿ ಅಲ್ಲಿ ಎದುರಿಗೆ ಯಾರದ್ದೋ ಮನೆ ಮಂದಿ ಬರ್ತಿರ್ತಾರೆ. ಓಡಿಸೋ ಆಸೆ ಇದ್ರೆ ಟ್ರ್ಯಾಕಲ್ಲಿ ಮಾತ್ರ.

ಹಿಂಜವಡಿ_ಶಿವಮೊಗ್ಗ:
ಇದನ್ನ ಗುಂಪಲ್ಲಿ ಎಲ್ರಿಗೂ ಓದಿಸ್ತೀನಿ ಸರ್. ಕೊನೇ ಪ್ರಶ್ನೆ ಅಣ್ಣ, ಟ್ರ್ಯಾಕ್ ಮುಗಿದ ಮೇಲೆ ಅದೇ ಪ್ಯಾಡಲ್ಲಿ ವಾಪಸ್ ಪುಣೆಗೆ ಬರಬಹುದಾ?

ಚಾಕಣ_ಧಾರವಾಡ:
ಪ್ಯಾಡ್ ಅಳದು ನೋಡಿ ಬಾ. ನಿನ್ನ ಹಳೇ ಸ್ಟಾಕ್ ಪ್ಯಾಡ್ ಡಿಕ್ಕ್ಯಾಗ ಇಟಗೊಂಡು ಹೋಗು, ಜೋಡಿ ಜ್ಯಾಕ್, ಸ್ಟ್ಯಾಂಡ್, ಪಿಸ್ಟನ್ ಒತ್ತೋ ಟೂಲ್, ಉಳದ ಬ್ರೇಕ್ ಆಯಿಲ್, ಒಂದು ಲೀಟರ್ ಎಂಜಿನ್ ಆಯಿಲ್. ಟ್ರ್ಯಾಕ್ ಪ್ಯಾಡಿನ್ಯಾಗ ಕಾಲು ಭಾಗಕ್ಕಿಂತ ಕಡಿಮಿ ಉಳದಿದ್ರ ಅಲ್ಲೇ ಹಳೇದು ಹಾಕಿ ಮರುದಿನ ಹೊರಡು, ಅವತ್ತ ರಾತ್ರಿ ಹೊರಡಬ್ಯಾಡ, ದಿನಾ ಪೂರ್ತಿ ಬಿಸಲಾಗ ಗಾಡಿ ಓಡಿಸಿ ದಣದಿರ್ತಿ. ಹೊರಡೂಕಿಂತ ಮೊದಲ ಪೆಡಲ್ ಒತ್ತಿ ನೋಡು, ಬಂದಾಗ ಇದ್ದಷ್ಟ ಗಟ್ಟಿ ಇಲ್ಲಂದ್ರ ನಾಕೂ ಗಾಲಿ ಒಮ್ಮೆ ಏರ್ ತೆಗೀರಿ. ಡಿಸ್ಕಿನ ಮುಖದ ಮ್ಯಾಲೆ ಕೂದಲೆಳಿ ಅಷ್ಟ ಸಣ್ಣ ಗೆರಿ ಕಂಡ್ರ ನಡೀತೈತಿ, ಶಾಖಕ್ಕ ಬರತಾವ. ಉಗುರಿಗೆ ಸಿಗೋ ಅಷ್ಟ ಆಳ ಇದ್ರ, ಇಲ್ಲಾ ಬಿರುಕು ಡಿಸ್ಕಿನ ಅಂಚಿಗೆ ಮುಟ್ಟಿದ್ರ, ಆ ಡಿಸ್ಕ್ ಮ್ಯಾಲೆ ಹತ್ತು ಕಿಲೋಮೀಟರೂ ಓಡಸಬ್ಯಾಡ, ಶ್ರೀಪೆರಂಬುದೂರಿನ್ಯಾಗ ಗಾಡಿ ನಿಲ್ಲಿಸಿ ಡಿಸ್ಕ್ ತರಿಸಿ ಹಾಕಿಸಿಕೊಂಡ ಬಾ.